ಓದುಗರ ಪ್ರಶ್ನೆ: ಮಿಲಿಟರಿಯಿಂದ ತೋಟಕ್ಕೆ ಮರಳಿದವರ ತಾರೀಖು, ಟ್ರಂಕು, ಪಿಂಚಣಿ

ಅಡಿಕೆ ತೋಟದ, ಗದ್ದೆ ಬಯಲಿನ ಮನೆಗಳಿಂದ ಹೊರಟು ಮಿಲಿಟರಿಯಲ್ಲಿ ದುಡಿದು, ಈಗ ಎಂಬತ್ತು ತೊಂಬತ್ತರ ಹೊತ್ತಿಗೆ ಊರಿಗೆ ಬಂದು ಕೂತ ಹೆಂಗಸರ ಬಗ್ಗೆ ಈ ಸಲದ ಪ್ರಶ್ನೆಗಳು. ಸ್ವಾತಂತ್ರ್ಯ ಬಂದ ಮೇಲೆ 1990ರ ದಶಕದ ಆರಂಭದವರೆಗೆ ಭೂಸೇನೆಯಲ್ಲಿ ಹೆಂಗಸರೆಂದರೆ ವೈದ್ಯರು, ಇಲ್ಲವೇ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಅಧಿಕಾರಿಗಳು. ಹಾಗಾಗಿ ಉತ್ತರಗಳು ಹೆಚ್ಚಾಗಿ ನರ್ಸಿಂಗ್‌ನವರ ಕಡೆಗೆ ವಾಲಿವೆ.

ಪ್ರಶ್ನೆ: ನಮ್ಮ ಸೋದರತ್ತೆಗೆ ಈಗ 88. ತೋಟದ ಮನೆಯಲ್ಲಿ ಬೆಳೆದು, ನರ್ಸಿಂಗ್ ಓದಿ, ಮಿಲಿಟರಿ ಆಸ್ಪತ್ರೆಗಳಲ್ಲಿ ದುಡಿದು ಮೇಜರ್ ಆಗಿ ನಿವೃತ್ತರಾದವರು. ಅವರ ಜೀವನ ಬರೆದಿಡೋಣವೆಂದು ಕೂತರೆ ಇಸವಿ ಒಂದೂ ಹೊಂದುವುದಿಲ್ಲ. ಕೇಳಿದರೆ “ಆರಿದ್ರಾ ಮಳೆ ಹುಟ್ಟಿದ ಮಾರನೇ ದಿನ ಮನೆ ಬಿಟ್ಟೆ” ಅನ್ನುತ್ತಾರೆ, ಇಲ್ಲದಿದ್ದರೆ “ಅದನ್ನೆಲ್ಲ ಏನು ಬರೀತೀಯ, ಬಿಡು” ಅನ್ನುತ್ತಾರೆ. ಎಲ್ಲಿಂದ ಹಿಡಿಯಬೇಕು?
(ಸಾಗರ ತಾಲ್ಲೂಕಿನ ಓದುಗರು)

ಉತ್ತರ: ನೀವು ಪಕ್ಕಕ್ಕಿಟ್ಟ ಆ ಮಾತಿನಿಂದಲೇ ಹಿಡಿಯಿರಿ. ಆರಿದ್ರಾ ಅನ್ನುವುದೇ ತಾರೀಖು. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದಾದ್ದರಿಂದ ಹಬ್ಬಗಳ ಹಾಗೆ ವರ್ಷ ವರ್ಷ ಹಿಂದೆ ಮುಂದೆ ಸರಿಯುವುದಿಲ್ಲ. ಅರವತ್ತು ವರ್ಷಕ್ಕೆ ಒಂದು ದಿನ ಸರಿದರೆ ಹೆಚ್ಚು. ಮೃಗಶಿರಾ ಹುಟ್ಟುವುದು ಜೂನ್ 7–8ಕ್ಕೆ, ಆರಿದ್ರಾ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ, ಪುಷ್ಯ 19–20ಕ್ಕೆ, ಆಶ್ಲೇಷ ಆಗಸ್ಟ್ 2–3ಕ್ಕೆ, ಮಘೆ 16–17ಕ್ಕೆ. ನಿಮ್ಮ ಅತ್ತೆ ಮನೆ ಬಿಟ್ಟದ್ದು ಜೂನ್ 22–23ರ ಆಸುಪಾಸು. ಗೊತ್ತಾಗದೆ ಉಳಿದದ್ದು ಇಸವಿ ಮಾತ್ರ.

ಕೃಷಿಯ ಕೆಲಸವೂ ಕ್ಯಾಲೆಂಡರೇ. “ಮೊದಲ ಮದ್ದು ಹೊಡೆದಾಗಿತ್ತು” ಅಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿದ, ಮಳೆ ಹಿಡಿಯುವ ಮುಂಚಿನ ದಿನಗಳು. ಎರಡನೇ ಮದ್ದು ಅದಾಗಿ 40–45 ದಿನಕ್ಕೆ. ಕೊನೆಕೊಯ್ಲು ಅಂದರೆ ದೀಪಾವಳಿಯ ಆಚೆ, ಆಲೆಮನೆ ಅಂದರೆ ಸಂಕ್ರಾಂತಿಯ ಆಚೆ. ಬೋರ್ಡೋ ದ್ರಾವಣ ಬರುವ ಮೊದಲಿನ ಮಾತಾದರೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದನ್ನು ಹೇಳುತ್ತಾರೆ. ಅದೂ ಮುಂಗಾರಿನ ಬಾಗಿಲಿನ ಕೆಲಸವೇ.

ಹುಟ್ಟಿದ ವರ್ಷಕ್ಕೆ ಜಾತಕವಿದ್ದರೆ ಸಂವತ್ಸರ ನೋಡಿ. ಈಶ್ವರ ಅಂದರೆ 1937ರ ಯುಗಾದಿಯಿಂದ 1938ರ ಯುಗಾದಿಯವರೆಗೆ, ಬಹುಧಾನ್ಯ ಅದರ ಮುಂದಿನದು, ಸರ್ವಜಿತು 1947–48. ಜನ ಎಡವುವುದು ಜನವರಿಯಿಂದ ಯುಗಾದಿವರೆಗಿನ ಮೂರು ತಿಂಗಳಲ್ಲಿ. ಈಶ್ವರ ಸಂವತ್ಸರದ ಮಾಘದಲ್ಲಿ ಹುಟ್ಟಿದವರು 1938ರವರು, 1937ರವರಲ್ಲ. ಒಂದು ವರ್ಷದ ಈ ತಪ್ಪೇ ಮುಂದೆ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ.

ಇನ್ನು ಉಳಿದ ಇಸವಿಗಳಿಗೆ ಒಂದು ಉದ್ದ ನೋಟ್‌ಬುಕ್ ತಗೊಂಡು ಪುಟದ ನಡುವೆ ಗೀಟು ಹಾಕಿ. ಎಡಗಡೆ ಊರು, ಬಲಗಡೆ ಮಿಲಿಟರಿ. ಎಡಗಡೆಯಲ್ಲಿ ಅಲ್ಲಾಡದ ಗೂಟಗಳು ಇವು: ಗೇಣಿದಾರರ ಕಾಗೋಡು ಸತ್ಯಾಗ್ರಹ 1951, ಲಿಂಗನಮಕ್ಕಿ ಅಣೆಕಟ್ಟು ಮತ್ತು ಅದರ ಮುಳುಗಡೆ 1964, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1, ಗೇಣಿದಾರರು ಉಳುವ ಭೂಮಿ ತಮಗಾಗಬೇಕೆಂದು ಡಿಕ್ಲರೇಷನ್ ಹಾಕಿದ್ದು 1974ರ ನಂತರ. ಬಲಗಡೆಯವು: ಗೋವಾ 1961ರ ಡಿಸೆಂಬರ್, ಚೀನಾ ಯುದ್ಧ 1962ರ ಅಕ್ಟೋಬರ್ 20ರಿಂದ ನವೆಂಬರ್ 21, ಪಾಕಿಸ್ತಾನದ ಜೊತೆಗಿನ ಯುದ್ಧ 1965ರ ಆಗಸ್ಟ್–ಸೆಪ್ಟೆಂಬರ್, ಬಾಂಗ್ಲಾ ಯುದ್ಧ 1971ರ ಡಿಸೆಂಬರ್ 3ರಿಂದ 16. ಈಗ ಪ್ರಶ್ನೆಯನ್ನು ಎರಡು ಕಡೆಗೂ ತಗುಲಿಸಿ ಕೇಳಿ: “ಮುಳುಗಡೆ ಆದಾಗ ರಜೆಗೆ ಬಂದಿದ್ರಾ, ಕಾಗದದಲ್ಲಿ ಗೊತ್ತಾಯ್ತಾ?” “ಡಿಕ್ಲರೇಷನ್ ಗಲಾಟೆ ಹೊತ್ತಿಗೆ ಯಾವ ಆಸ್ಪತ್ರೆ?” “ಯಾವ ಇಸವಿ” ಎಂದು ಕೇಳಿದರೆ ಸಿಗದ ಉತ್ತರ ಹೀಗೆ ಕೇಳಿದರೆ ಸಿಗುತ್ತದೆ. ತೋಟದಲ್ಲಿ ಬೆಳೆದವರ ನೆನಪು ಇಸವಿಗೆ ನೇತು ಬಿದ್ದಿರುವುದಿಲ್ಲ, ಕೆಲಸಕ್ಕೆ ನೇತು ಬಿದ್ದಿರುತ್ತದೆ.

ಊರಿಗೆ ಬರೆದ ಕಾಗದಗಳ ಲಕೋಟೆ ಉಳಿದಿದ್ದರೆ ಒಳಗಿನ ಕಾಗದದಷ್ಟೇ ಬೆಲೆ ಅದಕ್ಕೂ ಇದೆ. ಮಿಲಿಟರಿ ವಿಳಾಸದಲ್ಲಿ ಸಾಮಾನ್ಯವಾಗಿ ಊರಿನ ಹೆಸರಿರುವುದಿಲ್ಲ; ಘಟಕದ ಹೆಸರು, ಕೆಳಗೆ 56 ಎಪಿಒ ಅಥವಾ 99 ಎಪಿಒ (ಎಪಿಒ ಅಂದರೆ ಸೇನಾ ಅಂಚೆ ಕಚೇರಿ). 99 ಅಂದರೆ ಕೋಲ್ಕತ್ತದ ಮೂಲಕ ಸಾಗುವ ಪೂರ್ವದ ಅಂಚೆ, 56 ಅಂದರೆ ದೆಹಲಿಯ ಮೂಲಕ ಸಾಗುವುದು. 1971ರ ಲಕೋಟೆಯ ಮೇಲೆ 99 ಇದ್ದರೆ ಅವರು ಆಗ ಪೂರ್ವದ ಕಡೆ ಇದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಂಚೆ ಮೊಹರಿನಲ್ಲಿ ಫೀಲ್ಡ್ ಪೋಸ್ಟ್ ಆಫೀಸ್ ಎನ್ನಲು ಎಫ್‌ಪಿಒ ಎಂದಿದ್ದು ಪಕ್ಕದಲ್ಲಿ ಸಂಖ್ಯೆ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಸ್ಟಾಂಪಿನ ಆಸೆಗೆ ಮಕ್ಕಳು ಮೂಲೆ ಕತ್ತರಿಸಿಕೊಂಡಿದ್ದರೆ ಮೊಹರಿನ ತಾರೀಖು ಅಲ್ಲಿಗೇ ಹೋಯಿತು. ಮನಿಯಾರ್ಡರ್ ಕೂಪನ್‌ಗಳನ್ನೂ ಹುಡುಕಿ. ಕೆಳಗಿನ ಎರಡು ಸಾಲಿನ ಜಾಗದಲ್ಲಿ “ಮದ್ದಿನ ಆಳಿಗೆ ಕೊಡಿ” ಅನ್ನುವಂಥ ಮಾತು ಇರುತ್ತದೆ. ಅವರ ಸಂಬಳ ತೋಟದ ಯಾವ ಖರ್ಚಿಗೆ ಹೋಯಿತು ಅನ್ನುವುದು ಗೊತ್ತಾಗಲು ಬೇರೆ ದಾರಿ ಇರುವುದಿಲ್ಲ.

ಮಿಲಿಟರಿ ನರ್ಸಿಂಗ್ ಸರ್ವಿಸ್‌ನವರು 1943ರ ಸುಗ್ರೀವಾಜ್ಞೆಯ ಕಾಲದಿಂದ ಕಮಿಷನ್ ಪಡೆದ ಅಧಿಕಾರಿಗಳು. ಆದ್ದರಿಂದ ಕಮಿಷನ್, ಬಡ್ತಿ, ನಿವೃತ್ತಿ ಭಾರತ ಗೆಜೆಟ್ಟಿನಲ್ಲಿ ಬರುತ್ತದೆ. ರಕ್ಷಣಾ ಸಚಿವಾಲಯದ ಅಧಿಕಾರಿಗಳ ನೇಮಕ-ಬಡ್ತಿಯ ಪ್ರಕಟಣೆ ಇರುವುದು ಭಾಗ 1, ವಿಭಾಗ 4ರಲ್ಲಿ. ಹುಡುಕುವಾಗ ಈಗಿನ ಹೆಸರು ಹಾಕಬೇಡಿ. ಸೇರಿದಾಗಿನ ಹೆಸರು, ಆಗಿನ ಇಂಗ್ಲಿಷ್ ಕಾಗುಣಿತ, ಇನಿಷಿಯಲ್ ಹಿಂದೆ ಮುಂದೆ ಆದ ರೂಪ ಮೂರನ್ನೂ ನೋಡಿ. ಊರಿಗೂ ಹಾಗೆಯೇ: 2014ರ ನವೆಂಬರ್‌ವರೆಗೆ ಕಾಗದಪತ್ರದಲ್ಲಿ ಇದ್ದದ್ದು ‘ಶಿಮೊಗ’, 1973ಕ್ಕೆ ಮುಂಚೆ ‘ಮೈಸೂರು ರಾಜ್ಯ’. ಹೆಸರಿಗಿಂತ ಸೇನೆ ಕೊಟ್ಟ ವೈಯಕ್ತಿಕ ಸಂಖ್ಯೆ ಗಟ್ಟಿ. ಪಿಂಚಣಿ ಆದೇಶದ ಮೇಲೆ ಅದು ಸಿಗುತ್ತದೆ.

ಮಾತು ರೆಕಾರ್ಡ್ ಮಾಡುವುದಕ್ಕೆ ಮಳೆಗಾಲ ಬೇಡ. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಯಾವ ಫೋನಿಗೂ ಅತ್ತೆಯ ದನಿ ಕೇಳುವುದಿಲ್ಲ. ಡಿಸೆಂಬರ್–ಫೆಬ್ರವರಿಯಲ್ಲಿ, ತಿಂಡಿ ಆದ ಮೇಲೆ, 40 ನಿಮಿಷ ಸಾಕು. ಒಂದು ಗಂಟೆ ದಾಟಿದರೆ ದಣಿವಿಗೆ ಎಲ್ಲದಕ್ಕೂ “ಹೌದು ಹೌದು” ಬರಲು ಶುರುವಾಗುತ್ತದೆ, ಆ ಹೌದುಗಳು ಯಾವುದಕ್ಕೂ ಬರುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಬಾಯಿಂದ ಒಂದು ಮೊಳ ದೂರದಲ್ಲಿಡಿ. ನೇರ ಮರದ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಾಗುತ್ತದೆ. ಶುರುವಿನಲ್ಲಿ ತಾರೀಖು, ಜಾಗ, ಯಾರು ಯಾರಿದ್ದೀರಿ ಎಂದು ಹೇಳಿ. ಕಿವಿ ಮಂದವಿದ್ದರೆ ಎದುರಿಗೆ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಕೂತು ಕೇಳಿ. ತುಟಿ ನೋಡಿ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ.

“ಯುದ್ಧದಲ್ಲಿ ಹೇಗನ್ನಿಸಿತು” ಎಂಬ ಪ್ರಶ್ನೆಗೆ “ಏನನ್ನಿಸೋದು” ಅನ್ನುವುದೇ ಉತ್ತರ. ಬದಲಿಗೆ ಕೈಕಾಲಿನ ಪ್ರಶ್ನೆ ಕೇಳಿ. ರಾತ್ರಿ ಪಾಳಿ ಎಷ್ಟು ಗಂಟೆಗೆ ಶುರು? ಒಂದು ವಾರ್ಡಿಗೆ ಎಷ್ಟು ಹಾಸಿಗೆ, ಎಷ್ಟು ಜನ ಸಿಸ್ಟರ್? ಸಿರಿಂಜ್ ಕುದಿಸುತ್ತಿದ್ದದ್ದು ಯಾವುದರಲ್ಲಿ? ಬೀರೂರಿನಲ್ಲಿ ಗಾಡಿ ಬದಲಿಸುವಾಗ ಟ್ರಂಕು ಹೊತ್ತವರು ಯಾರು? ಮೆಸ್ಸಿನಲ್ಲಿ ಅನ್ನ ಸಿಗುತ್ತಿತ್ತೋ ಚಪಾತಿಯೋ? ಇಂಥ ಹತ್ತು ಪ್ರಶ್ನೆಗೆ ಉತ್ತರ ಕೊಡುವಾಗ ಹನ್ನೊಂದನೆಯದಕ್ಕೆ ಅವರೇ ಬರುತ್ತಾರೆ.

ಮದುವೆಯ ವಿಷಯ ಮಾತ್ರ ನೆಂಟರೆಲ್ಲ ಕೂತಾಗ ಕೇಳಬೇಡಿ. “ಯಾಕೆ ಮದುವೆ ಆಗಲಿಲ್ಲ” ಎಂದು ಮಲೆನಾಡಿನ ಮನೆಗಳಲ್ಲಿ ಅವರನ್ನು ಅರವತ್ತು ವರ್ಷ ಕೇಳಿದ್ದಾರೆ. ನರ್ಸಿಂಗ್ ಅಧಿಕಾರಿ ಮದುವೆಯಾದರೆ ಸೇವೆಯಿಂದ ತೆಗೆಯಲು ಅವಕಾಶ ಕೊಡುವ ನಿಯಮವೇ ಇತ್ತು. 1977ರ ಸೇನಾ ಸೂಚನೆ 61ರಲ್ಲಿದ್ದ ಅದನ್ನು ಹಿಂತೆಗೆದದ್ದು 1995ರಲ್ಲಿ. ಮದುವೆಯ ಕಾರಣಕ್ಕೆ 1988ರಲ್ಲಿ ಕೆಲಸ ಕಳೆದುಕೊಂಡ ಒಬ್ಬ ಅಧಿಕಾರಿಗೆ 60 ಲಕ್ಷ ರೂಪಾಯಿ ಕೊಡಬೇಕೆಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇದನ್ನು ನೀವು ಮೊದಲು ತಿಳಿದುಕೊಂಡು, ಅವರಿಗೂ ಹೇಳಿ, ಆಮೇಲೆ ಸುಮ್ಮನಿರಿ. ಹೇಳಬೇಕೆನಿಸಿದರೆ ಹೇಳುತ್ತಾರೆ.

ಪ್ರಶ್ನೆ: ದೊಡ್ಡಮ್ಮ ತೀರಿಕೊಂಡು ಒಂದು ವರ್ಷ. ಅವರ ಕಬ್ಬಿಣದ ಟ್ರಂಕಿನಲ್ಲಿ ಪದಕಗಳು, ಉಣ್ಣೆಯ ಕೋಟು, ಫೋಟೊ, ಕಾಗದಗಳಿವೆ. ಎಲ್ಲದಕ್ಕೂ ಬೂಸಲು ಹಿಡಿದಿದೆ. ಪದಕ ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ಕಾಗದಗಳನ್ನು ಲ್ಯಾಮಿನೇಷನ್ ಮಾಡಿಸಬಹುದೇ?
(ತೀರ್ಥಹಳ್ಳಿಯ ಓದುಗರು)

ಉತ್ತರ: ಎರಡೂ ಬೇಡ. ಪದಕದ ಅಂಚಿನ ದಪ್ಪವನ್ನು ಭೂತಗನ್ನಡಿಯಲ್ಲಿ ನೋಡಿ. ಭಾರತದ ಸೇವಾ ಪದಕಗಳ ಅಂಚಿನಲ್ಲಿ ಸಂಖ್ಯೆ, ದರ್ಜೆ, ಹೆಸರು ಒತ್ತಿರುತ್ತಾರೆ. ಹುಣಸೆಹಣ್ಣು, ಪೀತಾಂಬರಿ, ಬೂದಿ ಯಾವುದರಲ್ಲಿ ತಿಕ್ಕಿದರೂ ಮೊದಲು ಸವೆಯುವುದು ಆ ಅಕ್ಷರಗಳೇ. ಹೆಸರು ಸವೆದ ಪದಕ ಅಂಗಡಿಯಲ್ಲಿ ಕೊಂಡ ಬಿಲ್ಲೆಗೆ ಸಮ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ ಬಿಡಿ, ಕಪ್ಪು ಇದ್ದರೆ ಇರಲಿ. ರಿಬ್ಬನ್ ಹರಿದಿದ್ದರೆ ಹೊಸದನ್ನು ಹಾಕಬಹುದು, ಹಳೆಯದನ್ನು ಎಸೆಯಬೇಡಿ. ಯಾವ ಪದಕದ ಪಕ್ಕ ಯಾವುದಿತ್ತು ಅನ್ನುವ ಕ್ರಮವನ್ನು ಬಿಚ್ಚುವ ಮೊದಲೇ ಫೋಟೊ ತೆಗೆದುಕೊಳ್ಳಿ.

ಲ್ಯಾಮಿನೇಷನ್ ಮಾಡಿದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಬಿಸಿಯಲ್ಲಿ ಒಳಗೆ ಸಿಕ್ಕಿದ ತೇವ ಅಲ್ಲೇ ಉಳಿದು ಕಾಗದ ಕಂದುತ್ತದೆ, ಹಳೆಯ ಶಾಯಿ ಹರಡುತ್ತದೆ. ಪಿಂಚಣಿ, ಹೆಸರಿನ ತಿದ್ದುಪಡಿಗೆ ಮೂಲ ಪ್ರತಿ ಕೇಳುವ ಕಚೇರಿಗಳಲ್ಲಿ ಲ್ಯಾಮಿನೇಟ್ ಆದದ್ದನ್ನು ಅನುಮಾನದಿಂದ ನೋಡುತ್ತಾರೆ ಅನ್ನುವುದು ಬೇರೆ ಮಾತು. ಸೆಲ್ಲೋಟೇಪು ಇನ್ನೂ ಕೆಟ್ಟದ್ದು. ಹತ್ತು ಹದಿನೈದು ವರ್ಷಕ್ಕೆ ಅಂಟು ಕಾಗದದೊಳಗೆ ಇಳಿದು ಹಳದಿ ಪಟ್ಟಿ ಉಳಿಯುತ್ತದೆ.

ಬೂಸಲು ಬೆಳೆಯುವುದು ಗಾಳಿಯ ತೇವ 65–70 ಶೇಕಡಾ ದಾಟಿದ ಮೇಲೆ. ಆಷಾಢ ಶ್ರಾವಣದಲ್ಲಿ ತೀರ್ಥಹಳ್ಳಿಯ ಗಾಳಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಟ್ರಂಕು ತೆರೆಯುವುದೇ ತಪ್ಪು. ಒಳಗಿನ ಸಾಮಾನು ಒದ್ದೆ ಗಾಳಿ ಕುಡಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಒಳ್ಳೆ ಬಿಸಿಲಿರುವ ಜನವರಿಯ ಒಂದು ದಿನ, ಹತ್ತು ಗಂಟೆಯ ಮೇಲೆ, ಜಗಲಿಯ ನೆರಳಿನಲ್ಲಿ ಹಳೇ ಪಂಚೆ ಹಾಸಿ ಎಲ್ಲ ಹರಡಿ. ಬಿಸಿಲಿಗೇ ಇಟ್ಟರೆ ಫೋಟೊ ಸುರುಳಿಯಾಗುತ್ತದೆ, ರಿಬ್ಬನ್ನಿನ ಬಣ್ಣ ಹೋಗುತ್ತದೆ. ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಬಣ್ಣ ಬಳಿಯುವ ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಗುಡಿಸಿ. ಒದ್ದೆ ಬಟ್ಟೆ ತಾಗಿಸಬೇಡಿ, ಬೂಸಲು ಪುಡಿಯಾಗಿರುವುದು ಕೆಸರಾಗಿ ಒಳಗಿಳಿಯುತ್ತದೆ.

ಗಾಜಿಗೆ ಅಂಟಿದ ಫೋಟೊ ಎಳೆಯಬೇಡಿ. ಚೌಕಟ್ಟಿನಿಂದ ತೆಗೆದು, ಗಾಜಿನ ಮೇಲಿಂದಲೇ ಮೊದಲು ಸ್ಕ್ಯಾನ್ ಮಾಡಿಸಿ. ಆಮೇಲೆ ಬಂದರೆ ಬರಲಿ, ಬಿಟ್ಟರೆ ಬಿಡಲಿ. ಅಂಟು ಪುಟದ ಆಲ್ಬಮ್ಮಿನ ಫೋಟೊಗಳ ಹಿಂದೆ ಹೊಲಿಗೆ ದಾರವನ್ನು ಗರಗಸದ ಹಾಗೆ ಆಡಿಸಿ ಬಿಡಿಸಬಹುದು. ಫೋಟೊ 600 ಡಿಪಿಐ, ಕಾಗದ 300 ಡಿಪಿಐ, ಹಿಂದೂ ಮುಂದೂ ಎರಡೂ. ಫೋಟೊದ ಹಿಂದೆ ಪೆನ್ನಿನಲ್ಲಿ ಬರೆದರೆ ಮುಂದೆ ಮೂಡುತ್ತದೆ. 2ಬಿ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಗುಂಪಿನ ಫೋಟೊದಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆದಿಡಬಲ್ಲವರು ದೊಡ್ಡಮ್ಮನ ಜೊತೆಗಾರರು ಮಾತ್ರ. ಅವರಲ್ಲಿ ಯಾರಾದರೂ ಇದ್ದರೆ ಈ ತಿಂಗಳೇ ಸ್ಕ್ಯಾನ್ ಕಳಿಸಿ ಕೇಳಿ.

ಕೋಟಿಗೆ ಬಿದ್ದಿರುವುದು ನುಸಿ ಹುಳವಾದರೆ ತೋಳಿನ ಮಡಿಕೆಯಲ್ಲಿ, ಕಾಲರಿನ ಕೆಳಗೆ ಸಣ್ಣ ತೂತು, ಮರಳಿನಂಥ ಹಿಕ್ಕೆ ಕಾಣುತ್ತದೆ. ಬ್ರಷ್ಷಾಡಿಸಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ಕೋಟಿನ ಮೇಲೇ ನೀರು ಹನಿಯುತ್ತದೆ. ಹಿತ್ತಾಳೆ ಗುಂಡಿಗಳ ಕೆಳಗೆ ಒಂದೊಂದು ತುಂಡು ಬಟ್ಟೆ ಸಿಕ್ಕಿಸಿ, ಹಸಿರು ಕಲೆ ಉಣ್ಣೆಗೆ ಇಳಿಯುವುದಿಲ್ಲ. ನುಸಿಗುಳಿಗೆ ಹಾಕುವುದಾದರೆ ಬಟ್ಟೆಯಲ್ಲಿ ಕಟ್ಟಿ ಮೇಲಿಡಿ, ಪ್ಲಾಸ್ಟಿಕ್ಕಿಗೂ ಫೋಟೊಗೂ ತಾಗದಿರಲಿ, ಕರ್ಪೂರದ ಜೊತೆ ಬೆರೆಸಬೇಡಿ. ಎರಡೂ ಸೇರಿದರೆ ಕರಗಿ ಎಣ್ಣೆಯಾಗಿ ಕಲೆ ಮಾಡುತ್ತವೆ.

ಮರಳಿ ಇಡುವಾಗ ಟ್ರಂಕಿನ ತುಕ್ಕು ಉಜ್ಜಿ, ಒಳಗೆ ಎರಡು ಸಲ ಒಗೆದ ಕೋರಾ ಬಟ್ಟೆ ಹಾಸಿ. ಪೇಪರ್ ಹಾಸುವುದು ನಮ್ಮ ಕಡೆಯ ರೂಢಿ, ಆದರೆ ಪೇಪರಿನ ಹುಳಿ ಅಂಟಿಕೊಂಡದ್ದನ್ನೆಲ್ಲ ಹಳದಿ ಮಾಡುತ್ತದೆ. ಸಿಲಿಕಾ ಜೆಲ್ ಸಾಧಾರಣ ಟ್ರಂಕಿಗೆ ಅರ್ಧ ಕಿಲೋ, ನಾಲ್ಕು ಬಟ್ಟೆ ಚೀಲದಲ್ಲಿ ಹಂಚಿ ಇಡಿ. ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ಕುಡಿದಿದೆ ಎಂದರ್ಥ. ಅದನ್ನು ಓವನ್ನಿನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಮುಚ್ಚಳ ಸಡಿಲವಿದ್ದರೆ ಎಷ್ಟು ಕಿಲೋ ಇಟ್ಟರೂ ದಂಡ. ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಅಂಟಿಸಿ. ಟ್ರಂಕನ್ನು ಒಲೆಯ ಮೇಲಿನ ಅಟ್ಟದಲ್ಲಿಡುವವರಿದ್ದಾರೆ. ಒಣಗಿರುತ್ತದೆ ನಿಜ, ಹೊಗೆಯ ಎಣ್ಣೆ ಮಾತ್ರ ಎಂದಿಗೂ ಬಿಡುವುದಿಲ್ಲ. ಹೊರಗೋಡೆಗೆ ತಾಗದಂತೆ, ನೆಲದಿಂದ ನಾಲ್ಕು ಇಂಚು ಮೇಲೆ, ನಡುಮನೆಯಲ್ಲಿಡಿ.

ಪ್ರಶ್ನೆ: ಪದಕಗಳಲ್ಲಿ ಯಾವುದು ಯಾವುದಕ್ಕೆ ಕೊಟ್ಟದ್ದು ಎಂದು ತಿಳಿಯುವುದು ಹೇಗೆ?
(ಶಿವಮೊಗ್ಗ ನಗರದ ಓದುಗರು)

ಉತ್ತರ: ಹಿಂದೆ ಮುಂದೆ ಇರುವ ಅಕ್ಷರವನ್ನೇ ಓದಿ. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಎರಡೂ 1971ರ ಯುದ್ಧದವು. ಯಾವ ಕಡೆಯ ರಣರಂಗ ಎಂದು ಹೆಸರೇ ಹೇಳುತ್ತದೆ. ಸಂಗ್ರಾಮ್ ಪದಕವೂ ಅದೇ ಯುದ್ಧದ್ದು, ಆದರೆ ರಣರಂಗದ ಹತ್ತಿರ ಹೋಗದೆ ಸೇವೆಯಲ್ಲಿದ್ದವರಿಗೂ ಸಿಕ್ಕಿದೆ. 1965ಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 25ನೇ ಸ್ವಾತಂತ್ರ್ಯ ವಾರ್ಷಿಕೋತ್ಸವದ ಪದಕ ಇದ್ದರೆ 1972ರ ಆಗಸ್ಟ್ 15ರಂದು ಅವರು ಸೇವೆಯಲ್ಲಿದ್ದರು. ದೀರ್ಘ ಸೇವೆಯ ಪದಕಗಳು 9, 20, 30 ವರ್ಷಕ್ಕೆ. ಅಂದರೆ ಪದಕದ ಸಾಲೇ ಒಂದು ಸೇವಾ ಪಟ್ಟಿ. ಬಜಾರಿನಲ್ಲಿ ಸಿಗುವ ನಕಲಿಗೆ ಅಂಚಿನಲ್ಲಿ ಹೆಸರಿರುವುದಿಲ್ಲ. ಕಳೆದುಹೋದ ಒಂದರ ಜಾಗಕ್ಕೆ ನಕಲು ಹಾಕಿದರೆ ‘ನಕಲು’ ಎಂದು ಚೀಟಿ ಬರೆದಿಡಿ, ಮೊಮ್ಮಕ್ಕಳು ಮೋಸಹೋಗದಿರಲಿ.

ಪ್ರಶ್ನೆ: ಅಮ್ಮನಿಗೆ ಮೂರು ಜನ್ಮದಿನಾಂಕ. ಜಾತಕದಲ್ಲಿ ಒಂದು, ಶಾಲೆಯ ಮತ್ತು ಸೇವೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. 80 ಆದ ಮೇಲೆ ಪಿಂಚಣಿ ಹೆಚ್ಚುತ್ತದೆಯಂತೆ. ಯಾವುದನ್ನು ಹಿಡಿದು ಕೇಳಬೇಕು?
(ಹೊಸನಗರದ ಓದುಗರು)

ಉತ್ತರ: ಸೇವೆಯ ದಾಖಲೆಯದ್ದನ್ನು, ಅಂದರೆ ಪಿಂಚಣಿ ಪಾವತಿ ಆದೇಶ ಪಿಪಿಒದಲ್ಲಿರುವುದನ್ನು. ಜಾತಕ ಎಷ್ಟೇ ನಿಜವಾಗಿದ್ದರೂ ಇಲ್ಲಿ ನಡೆಯುವುದಿಲ್ಲ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿಗೆ ಬರೆದ ತಾರೀಖೇ ಎಸ್‌ಎಸ್‌ಎಲ್‌ಸಿಗೆ, ಅಲ್ಲಿಂದ ಸೇನೆಗೆ ಹೋಗಿದೆ. ನಿವೃತ್ತಿಯಾದ ಮೇಲೆ ಅದನ್ನು ಬದಲಿಸುವ ಗೋಜಿಗೆ ಹೋಗಬೇಡಿ. ತಿದ್ದಿಸಬೇಕಾದ್ದು ಆಧಾರ್, ಪಿಪಿಒಗೆ ಹೊಂದುವ ಹಾಗೆ. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ. ಅವಸರದಲ್ಲಿ ಜಾತಕದ ದಿನ ಹಾಕಿಸಿದರೆ ಆ ಅವಕಾಶ ಹೋಯಿತು.

ಹೆಚ್ಚುವರಿ ಪಿಂಚಣಿಯ ಲೆಕ್ಕ ಹೀಗೆ: 80 ತುಂಬಿದಾಗ ಮೂಲ ಪಿಂಚಣಿಯ 20 ಶೇಕಡಾ, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರಕ್ಕೆ 100. ಮೂಲ ಪಿಂಚಣಿ 40,000 ಎಂದಿಟ್ಟುಕೊಂಡರೆ 80ಕ್ಕೆ 8,000 ಸೇರುತ್ತದೆ, 85ಕ್ಕೆ ಆ 8,000 ಹೋಗಿ 12,000 ಆಗುತ್ತದೆ. ಎಂಟು ಮತ್ತು ಹನ್ನೆರಡು ಕೂಡುವುದಿಲ್ಲ. ಬಹಳ ಮನೆಗಳಲ್ಲಿ “ಕಡಿಮೆ ಬಂತು” ಎಂದು ಕಾಗದ ಬರೆಯುವುದು ಇದೇ ತಪ್ಪಿನಿಂದ. ಇದರ ಮೇಲೆ ತುಟ್ಟಿ ಪರಿಹಾರವೂ ಬರುತ್ತದೆ. ವಯಸ್ಸು ತುಂಬುವ ತಿಂಗಳ 1ನೇ ತಾರೀಖಿನಿಂದಲೇ ಲೆಕ್ಕ: ಆಗಸ್ಟ್ 20ಕ್ಕೆ 80 ತುಂಬಿದರೆ ಆಗಸ್ಟ್ 1ರಿಂದ. ತಾನಾಗಿಯೇ ಬರಬೇಕಾದ್ದು ಬಾರದಿದ್ದರೆ ಮೊದಲು ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಅಮ್ಮನ ಜನ್ಮದಿನಾಂಕದ ಕಲಂ ನೋಡಿ. ಅದು ಖಾಲಿ ಇರುವುದೇ ಎಷ್ಟೋ ಸಲ ಕಾರಣ. ಮನವಿ ಬರೆಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನೆರವು ಸಿಗುತ್ತದೆ. ಪಿಪಿಒ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಒಯ್ಯಿರಿ.

ಪ್ರಶ್ನೆ: ಪ್ರತಿ ವರ್ಷ ಜೀವಂತ ಪ್ರಮಾಣಪತ್ರಕ್ಕೆ ಅಜ್ಜಿಯ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಕಳೆದ ಸಲ ಮೂರು ಸಲ ಸೊರಬಕ್ಕೆ ಕರೆದೊಯ್ದೆವು.
(ಸೊರಬ ತಾಲ್ಲೂಕಿನ ಓದುಗರು)

ಉತ್ತರ: ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದ ಕೈಯ ಬೆರಳ ಗೆರೆ ಸವೆದಿರುತ್ತದೆ. ಅಡಿಕೆ ಬೇಯಿಸಿದ ಚೊಗರಿನ ಕಪ್ಪು ಬೇರೆ. ಬೆರಳೇ ಆಗಬೇಕೆಂದಿದ್ದರೆ ಹಿಂದಿನ ರಾತ್ರಿ ಎಣ್ಣೆ ಹಚ್ಚಿ, ಬೆಳಗ್ಗೆ ಬಿಸಿನೀರು ಸೋಪಿನಲ್ಲಿ ತೊಳೆದು, ಚಳಿ ಬಿಟ್ಟ ಮೇಲೆ ಹತ್ತೂ ಬೆರಳಲ್ಲಿ ಪ್ರಯತ್ನಿಸಿ. ಎಡಗೈಯ ಉಂಗುರ ಬೆರಳು ಕಡಿಮೆ ಸವೆದಿರುತ್ತದೆ. ಆದರೆ ನಮ್ಮ ಸಲಹೆ, ಬೆರಳನ್ನು ಬಿಟ್ಟು ಮುಖಕ್ಕೆ ಹೋಗಿ.

ಆಂಡ್ರಾಯ್ಡ್ ಫೋನಿಗೆ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎರಡು ಆ್ಯಪ್ ಹಾಕಿಕೊಳ್ಳಿ. ಮೊದಲು ಫೋನು ಹಿಡಿಯುವವರು, ಅಂದರೆ ನೀವು, ಆಪರೇಟರ್ ಎಂದು ನಿಮ್ಮ ಆಧಾರ್ ಮತ್ತು ಮುಖ ಕೊಡಬೇಕು. ಇದು ಒಂದೇ ಸಲದ ಕೆಲಸ. ಆಮೇಲೆ ಅಜ್ಜಿಯ ಆಧಾರ್, ಪಿಪಿಒ ಸಂಖ್ಯೆ, ಬ್ಯಾಂಕ್ ಖಾತೆ. ಪಿಂಚಣಿ ಸ್ಪರ್ಶ್‌ನಲ್ಲಿದ್ದರೆ ಮಂಜೂರು ಮಾಡಿದ ಪ್ರಾಧಿಕಾರದ ಜಾಗದಲ್ಲಿ ಡಿಫೆನ್ಸ್ ಪಿಸಿಡಿಎ ಅಲಹಾಬಾದ್ ಅನ್ನುವುದನ್ನೂ, ವಿತರಿಸುವ ಸಂಸ್ಥೆಯ ಜಾಗದಲ್ಲಿ ಸ್ಪರ್ಶ್ ಅನ್ನುವುದನ್ನೂ ಆರಿಸಿ. ಹಳೇ ಅಭ್ಯಾಸಕ್ಕೆ ಬ್ಯಾಂಕಿನ ಹೆಸರು ಒತ್ತಿದರೆ ಪ್ರಮಾಣಪತ್ರ ಹುಟ್ಟುತ್ತದೆ, ತಲುಪಬೇಕಾದಲ್ಲಿಗೆ ತಲುಪುವುದಿಲ್ಲ.

ಮುಖ ಸಿಗದಿರಲು ಕಾರಣ ಹೆಚ್ಚಾಗಿ ಜಗಲಿ. ಹಿಂದೆ ಅಂಗಳದ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ. ಅಜ್ಜಿಯನ್ನು ಅಂಗಳದ ಕಡೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ಮಿಟುಕಿಸದಿದ್ದರೆ ಆ್ಯಪ್ ಅದನ್ನು ಫೋಟೊ ಎಂದೇ ತಿಳಿಯುತ್ತದೆ. ಇಂಟರ್‌ನೆಟ್ ಬೇಕೇ ಬೇಕು. ಸಿಗ್ನಲ್‌ಗಾಗಿ ಗುಡ್ಡ ಹತ್ತಿಸುವ ಬದಲು ಅಂಚೆಯಣ್ಣನಿಗೆ ಹೇಳಿ: ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನವರು ಮನೆಗೇ ಬಂದು ಮಾಡಿಕೊಡುತ್ತಾರೆ, ಶುಲ್ಕ 70 ರೂಪಾಯಿ. 80 ದಾಟಿದವರು ನವೆಂಬರ್‌ಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ಮುಗಿದ ಮೇಲೆ ಬರುವ ಪ್ರಮಾಣ್ ಐಡಿಯನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಡಿ.

ಪ್ರಶ್ನೆ: ನಮ್ಮ ಮುತ್ತಜ್ಜಿ ಎರಡನೇ ಮಹಾಯುದ್ಧದಲ್ಲಿ ‘ವ್ಯಾಕ್ ಐ’ನಲ್ಲಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಹಾಗೊಂದು ಇತ್ತೇ?
(ಶಿಕಾರಿಪುರದ ಓದುಗರು)

ಉತ್ತರ: ಇತ್ತು. ವಿಮೆನ್ಸ್ ಆಕ್ಸಿಲಿಯರಿ ಕೋರ್ (ಇಂಡಿಯಾ), 1942ರಲ್ಲಿ ಶುರುವಾದದ್ದು. ಗುಮಾಸ್ತಿಕೆ, ಟೆಲಿಫೋನು, ಸಂಕೇತ ಲಿಪಿ, ವಾಹನ ಚಾಲನೆ ಇಂಥ ಕೆಲಸಗಳಿಗೆ ಹೆಂಗಸರನ್ನು ತೆಗೆದುಕೊಂಡು, ಗಂಡಸರನ್ನು ರಣರಂಗಕ್ಕೆ ಬಿಡುವ ಲೆಕ್ಕ. ಅದು ನರ್ಸಿಂಗ್ ಸರ್ವಿಸ್ ಅಲ್ಲ, ಹುಡುಕುವಾಗ ಎರಡನ್ನೂ ಬೆರೆಸಬೇಡಿ. ಮನೆಯಲ್ಲಿ ಟೈಪಿಂಗ್ ಪರೀಕ್ಷೆಯ ಹಳೇ ಸರ್ಟಿಫಿಕೇಟ್ ಇದೆಯೇ ನೋಡಿ, ಅದು ಒಳ್ಳೆಯ ಸುಳಿವು.

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ. ಅವಳ ಅಜ್ಜಿಯ ಹಾಗೆ ಮಿಲಿಟರಿ ನರ್ಸಿಂಗ್‌ಗೆ ಹೋಗಬೇಕಂತೆ.
(ರಿಪ್ಪನ್‌ಪೇಟೆಯ ಓದುಗರು)

ಉತ್ತರ: ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್, ಆರು ಕಾಲೇಜುಗಳಲ್ಲಿ ಒಟ್ಟು 220 ಸೀಟು. ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್ ಏರ್‌ಫೋರ್ಸ್‌ನಲ್ಲಿ 40. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇದ್ದು ಒಟ್ಟು 50 ಶೇಕಡಾ, ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಎತ್ತರ ಕನಿಷ್ಠ 152 ಸೆಂ.ಮೀ., ಮದುವೆ ಆಗಿರಬಾರದು. ನೀಟ್ ಬರೆದಿರಲೇಬೇಕು, ಅದು ಡಾಕ್ಟರಾಗುವವರಿಗೆ ಮಾತ್ರ ಎಂದುಕೊಂಡು ಬಿಟ್ಟವರು ಇಲ್ಲೇ ಹೊರಗುಳಿಯುತ್ತಾರೆ. ಗಣಿತಕ್ಕೆ ಹೆದರಿ ಜೀವಶಾಸ್ತ್ರವನ್ನು ಇಟ್ಟುಕೊಂಡಿದ್ದರೆ ಒಳ್ಳೆಯದಾಯಿತು, ಉಲ್ಟಾ ಮಾಡಿದ್ದರೆ ದಾರಿ ಇಲ್ಲ. ಸೇರುವಾಗ ಸೇವೆಯ ಬಾಂಡಿಗೆ ಸಹಿ ಹಾಕಬೇಕು. ಸಹಿಗೆ ಮೊದಲು ನೀವೂ ಕೂತು ಓದಿ.

ಪ್ರಶ್ನೆ: ಚಿಕ್ಕಮ್ಮನ ಸೇವಾ ದಾಖಲೆಯಲ್ಲಿ ಹುಟ್ಟೂರು ಎಂದು ಬರೆದಿರುವ ಹಳ್ಳಿ ಈಗ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಯಾವ ನಕ್ಷೆಯಲ್ಲೂ ಸಿಗುವುದಿಲ್ಲ. ಅವರಿಗೆ ಆ ಜಾಗ ಒಮ್ಮೆ ನೋಡಬೇಕಂತೆ. ವಯಸ್ಸು 90.
(ತುಮರಿ ಕಡೆಯ ಓದುಗರು)

ಉತ್ತರ: ಬರೆಯುವಾಗ ದಾಖಲೆಯಲ್ಲಿರುವ ಹೆಸರನ್ನೇ ಬರೆದು, ಪಕ್ಕದಲ್ಲಿ ‘1964ರ ಮುಳುಗಡೆ’ ಎಂದು ಸೇರಿಸಿ. ಹತ್ತಿರದ ಈಗಿನ ಊರಿನ ಹೆಸರು ಹಾಕಿದರೆ ಮುಂದೆ ಗೊಂದಲ. ಹಳ್ಳಿ ಎಲ್ಲಿತ್ತೆಂದು ತಿಳಿಯಲು 1964ಕ್ಕೆ ಮುಂಚೆ ಅಳೆದ ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್ ಬೇಕು. ಅದರಲ್ಲಿ ನದಿಯ ಹಳೆಯ ದಾರಿ, ಗಾಡಿದಾರಿ, ದೇವಸ್ಥಾನದ ಗುರುತು ಎಲ್ಲ ಇರುತ್ತದೆ. ಅದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಲು ಮುಳುಗದ ಎರಡು ಗುಡ್ಡದ ತುದಿ ಹಿಡಿದುಕೊಳ್ಳಿ.

ನೋಡುವುದಕ್ಕೆ ಬೇಸಗೆಯ ಕೊನೆಯೇ ಸರಿ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ನೀರು ತೀರ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆಯೇ ಮೇಲೆ ಬಂದು ನಿಲ್ಲುತ್ತದೆ. ಮೇ ತಿಂಗಳ ಪೇಪರಿನಲ್ಲಿ ದಿನಾ ಬರುವ ಮಟ್ಟ ನೋಡುತ್ತಿರಿ. ನೀರು ಬಿಟ್ಟ ನೆಲದಲ್ಲಿ ಮೇಲೆ ಒಣಗಿದ ಹೊಪ್ಪಳೆ, ಕೆಳಗೆ ಮೊಣಕಾಲುದ್ದ ಕೆಸರು. 90ರ ಕಾಲಿಗೆ ಅದು ಆಗದು, ನಾಲ್ಕು ಜನ ಹೊರುವ ಪ್ಲಾಸ್ಟಿಕ್ ಕುರ್ಚಿಯೂ ಎರಡು ಬಿದಿರ ಗಳುವೂ ಇರಲಿ. ಬೆಳಗ್ಗೆ ಏಳಕ್ಕೆ ಹೋಗಿ ಹತ್ತಕ್ಕೆ ವಾಪಸ್ಸು. ಬಾವಿಕಟ್ಟೆಯೋ ಮೆಟ್ಟಿಲೋ ಕಂಡರೆ ರೆಕಾರ್ಡರ್ ಆಗಲೇ ಚಾಲೂ ಮಾಡಿ. ಮೃಗಶಿರಾ ಹುಟ್ಟುವ ಮುಂಚೆ ಹೋಗಿ ಬನ್ನಿ.